ಬಾಗಿಲೊಳಗೇ ಹುಟ್ಟಿ ಸತ್ತ ಷರತ್ತು

ಆ ದುಭಾಷಿ ಹೆಂಗಸು ನಮ್ಮ ಮನೆಗೆ ಬಂದಾಗ ಅಳುತ್ತಿರಲಿಲ್ಲ, ಉರಿಯುತ್ತಿದ್ದಳು. "ಕೆಲ್ಸ ಹೋದ್ರೆ ಹೋಗ್ಲಿ ಮೇಡಂ. ದೇಶ ಮಾರಿದವಳು ಅನ್ನೋ ಹೆಸರು ಹೊತ್ಕೊಂಡು ಹೇಗೆ ಬದುಕ್ಲಿ?" ಎಂದು ದೊಡ್ಡಮ್ಮನನ್ನು ಕೇಳಿದಳು.

ಪತ್ತೇದಾರಿಕೆಯಲ್ಲಿ ದೊಡ್ಡಮ್ಮ ಪಳಗಿದವಳು. ನಾನು ಅವಳ ತಂಗಿಯ ಮಗ, ಅವಳ ಕಾರು ಓಡಿಸುವವನು, ಬಿಡುವಿದ್ದಾಗ ಬೈಸಿಕೊಳ್ಳುವವನು.

ಎರಡು ದೇಶಗಳ ನಡುವೆ ಸೇವಾ ವ್ಯಾಪಾರದ ಮಾತುಕತೆ ನಡೆದಿತ್ತು. ನಮ್ಮ ಆಸ್ಪತ್ರೆಗಳ ಕಂಪ್ಯೂಟರ್ ಕೆಲಸವೂ ರೋಗಿಗಳ ಮಾಹಿತಿಯೂ ಅವರಿಗೆ ಬೇಕಿತ್ತು. ಎಲ್ಲಿಯವರೆಗೆ ಬಗ್ಗಬಹುದೆಂದು ನಮ್ಮವರು ಆ ಬೆಳಿಗ್ಗೆಯಷ್ಟೇ ಬಾಗಿಲು ಹಾಕಿಕೊಂಡು ತೀರ್ಮಾನಿಸಿದ್ದರು. ಮಧ್ಯಾಹ್ನ ಎದುರು ಪಕ್ಷದವನು ನಕ್ಕು, "ಹೆಸರು ಅಳಿಸಿದರೆ ಮನೋರೋಗಿಗಳದ್ದೂ ಸೇರಿ ಎಲ್ಲ ಮಾಹಿತಿ ಕೊಡ್ತೀರಂತೆ. ಮತ್ತೆ ಯಾಕೆ ಈ ನಾಟಕ?" ಎಂದ. ನಮ್ಮ ನಿಯೋಗದ ಮುಖ್ಯಸ್ಥ ಕೆರಳಿ ಎದ್ದ. ಅವರೊಂದಿಗೆ ಅವರ ಭಾಷೆಯಲ್ಲಿ ಹರಟುವವಳು ದುಭಾಷಿ, ಕಳ್ಳಿ ಅವಳೇ ಎಂದು ಎಲ್ಲರೆದುರು ಕೂಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಮರುದಿನ ದುಭಾಷಿಯನ್ನೂ ಕರೆದುಕೊಂಡು, ನಮ್ಮವರು ಬಾಗಿಲು ಹಾಕಿಕೊಂಡು ಕೂತಿದ್ದ ಆ ಕೋಣೆಗೆ ಹೋದೆವು. ಇದ್ದದ್ದು ಒಂದೇ ಬಾಗಿಲು, ಅದರಾಚೆ, ಒಳಹೋಗುವವರು ತಮ್ಮ ಫೋನು ಬಿಟ್ಟುಹೋಗಬೇಕಾದ ಪೆಟ್ಟಿಗೆ.

"ಒಳಗೆ ನಾನು, ಉಪಮುಖ್ಯಸ್ಥೆ, ಕಾನೂನು ಸಲಹೆಗಾರರು," ಎಂದ ಮುಖ್ಯಸ್ಥ. "ದುಭಾಷೀನ ಎಲ್ಲ ತೀರ್ಮಾನ ಆದ್ಮೇಲೆ ಕರೀತೀವಿ. ಪದಗಳನ್ನ ತಯಾರು ಮಾಡ್ಕೊಳ್ಲಿ ಅಂತ."

"ಮಧ್ಯೆ ಯಾರೂ ಎದ್ದು ಹೋಗ್ಲಿಲ್ವಾ?" ಎಂದಳು ದೊಡ್ಡಮ್ಮ.

"ಇವ್ರಿಗೆ ಹಲ್ಲುನೋವು, ಡಾಕ್ಟರ ಹತ್ರ ಹೋದ್ರು. ಮಧ್ಯಾಹ್ನ ಸೀದಾ ಮಾತುಕತೆಗೇ ಬಂದ್ರು." ಸಲಹೆಗಾರ ಕೆನ್ನೆ ಸವರಿಕೊಂಡ.

ದೊಡ್ಡಮ್ಮ ದುಭಾಷಿಯತ್ತ ತಿರುಗಿದಳು. "ನಿಂಗೆ ಏನು ಹೇಳಿದ್ರಮ್ಮ?"

"ಹೆಸರು ಅಳಿಸಿ ಮಾಹಿತಿ ಕೊಡಬಹುದು. ಮನೋರೋಗಿಗಳದ್ದು ಮಾತ್ರ ಜಪ್ಪಯ್ಯ ಅಂದ್ರೂ ಇಲ್ಲ."

"ಎಲ್ರೂ ಕೂತ್ಕೊಳ್ಳಿ," ಎಂದಳು ದೊಡ್ಡಮ್ಮ. ಅವಳ ದನಿ ತಣ್ಣಗಿತ್ತು. ಅದು ನಿಜವಾಗಿ ಸಿಟ್ಟು ಬಂದಾಗಿನ ದನಿ.

"ಎದುರಿನವರು ಹೇಳಿದ್ದು ಮನೋರೋಗಿಗಳದ್ದೂ ಸೇರಿ ಅಂತ. ಅಂಥ ಷರತ್ತು ಇತ್ತಾ?"

ಉಪಮುಖ್ಯಸ್ಥೆ ಬೆಚ್ಚಿದಳು. "ಮೊದಲು ಇತ್ತು. ನಾನು ಹಟ ಹಿಡಿದು ತೆಗೆಸಿದೆ. ಈ ಸಲಹೆಗಾರರು ಎದ್ದು ಹೋದ ಮೇಲೆ."

"ಆ ಷರತ್ತು ಹುಟ್ಟಿದ್ದೂ ಸತ್ತಿದ್ದೂ ಈ ಬಾಗಿಲೊಳಗೆ. ದುಭಾಷಿ ಅದನ್ನ ಕೇಳೇ ಇಲ್ಲ. ನಿಮ್ಮಿಬ್ಬರಿಗೆ ಅದು ಸತ್ತಿದ್ದು ಗೊತ್ತು, ಸತ್ತ ಮಾಲು ಯಾರು ಮಾರ್ತಾರೆ? ಅದು ಬದುಕಿದ್ದಾಗಲೇ ಹೊರಗೆ ಹೋಗಿ, ಫೋನು ಎತ್ಕೊಂಡವರು ಒಬ್ರೇ." ಮುಖ್ಯಸ್ಥನನ್ನು ದಿಟ್ಟಿಸಿದಳು. "ಅವರು ಹೇಳಿದ್ದನ್ನ ಸರಿಯಾಗಿ ಕೇಳಿಸ್ಕೊಂಡಿದ್ರೆ ನಿಮಗೂ ಹೊಳೀತಿತ್ತು. ಕೂಗಾಡೋ ಅವಸರ ನಿಮಗೆ."

ಸಲಹೆಗಾರನ ಕೈ ಕೆನ್ನೆಯಿಂದ ಜಾರಿತು. "ಹೇಗೂ ಕೊಡ್ತಿದ್ವಲ್ಲ, ಸ್ವಲ್ಪ ಮುಂಚೆ ಹೇಳ್ದೆ ಅಷ್ಟೆ. ಅವರ ಕಡೆಯ ಒಂದು ಕಂಪನೀಲಿ ಹುದ್ದೆ ಕೊಡ್ತೀವಿ ಅಂದಿದ್ರು."

ಅಷ್ಟೆ! ಮನಸ್ಸು ಕೆಟ್ಟವರ ಸಂಕಟವನ್ನೂ ಒಬ್ಬ ನಿರಪರಾಧಿಯ ಮಾನವನ್ನೂ ಒಂದು ಕುರ್ಚಿಗೆ ಮಾರಿದವನ ಬಾಯಲ್ಲಿ ಬಂದ ಮಾತು. ದೊಡ್ಡಮ್ಮ ಕಣ್ಣಲ್ಲೇ ತಡೆಯದಿದ್ದರೆ ಅವನಿಗೆ ನಿಜವಾದ ಹಲ್ಲುನೋವು ಬರಿಸುತ್ತಿದ್ದೆ.

ಅವನನ್ನು ಕಾವಲಿನವರು ಕರೆದೊಯ್ದ ಮೇಲೆ ಮುಖ್ಯಸ್ಥ ಗಂಟಲು ಸರಿಮಾಡಿಕೊಂಡು, "ಆಗಿದ್ದು ಆಗ್ಹೋಯ್ತು. ನಾಳೆಯಿಂದ ಕೆಲ್ಸಕ್ಕೆ ಬನ್ನಿ," ಎಂದ.

"ಬರ್ತೀನಿ ಸರ್," ಎಂದಳು ದುಭಾಷಿ. "ನಿನ್ನೆ ನೀವು ನನ್ನ ಕಳ್ಳಿ ಅಂದಾಗ, ಆ ಮಾತನ್ನ ಅವರ ಭಾಷೆಗೆ ತಿರುಗಿಸಿ ಹೇಳಿದವಳೂ ನಾನೇ. ನನ್ನ ಕೆಲ್ಸ ಅದು. ನಾಳೆ ಅವರೆಲ್ಲರ ಮುಂದೆ ಎದ್ದು ನಿಂತು ಕ್ಷಮೆ ಕೇಳಿ. ಅದನ್ನೂ ನಾನೇ ಹೇಳ್ತೀನಿ, ಒಂದು ಪದ ಬಿಡದ ಹಾಗೆ."