ಹದಿನೇಳನೆಯ ರೆಕ್ಕೆ

ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 8.10. ವೇಲ್ಸ್‌ನ ಪೋರ್ಟ್ ಟಾಲ್ಬಟ್ ಠಾಣೆಗೆ ಹೆಲಿಕಾಪ್ಟರ್ ರೆಕ್ಕೆಗಳ ಕಾರ್ಖಾನೆಯ ತಪಾಸಣಾ ಮುಖ್ಯಸ್ಥೆ ಮೆರೆಡ್ ಹಾಪ್ಕಿನ್ ಬಂದರು. ದೂರನ್ನು ಇನ್ಸ್‌ಪೆಕ್ಟರ್ ನೆರಿಸ್ ಪ್ರಾಸರ್ ಬರೆದುಕೊಂಡರು.

ಕಾರ್ಖಾನೆಯಲ್ಲಿ ಎರಡು ರೋಬೋಟ್ ತೋಳುಗಳು ರೆಕ್ಕೆಯ ಡೊಂಕು ಮೈಯುದ್ದಕ್ಕೂ ಕಿವಿಗೆ ಕೇಳದ ಧ್ವನಿ ಹಾಯಿಸಿ ಒಳಬಿರುಕು ಹುಡುಕುತ್ತವೆ; ಪ್ರತಿ ರೆಕ್ಕೆಯ ಒಳಗಿನ ಚಿತ್ರ ಕಂಪ್ಯೂಟರಿನಲ್ಲಿ ಉಳಿಯುತ್ತದೆ.

"ಹದಿನಾರನೇ ರೆಕ್ಕೇದೂ ಹದಿನೇಳನೇದೂ ಚಿತ್ರ ಒಂದೇ. ಒಂದು ಚುಕ್ಕಿ ವ್ಯತ್ಯಾಸ ಇಲ್ಲ," ಎಂದರು ಮೆರೆಡ್.

"ಅಂದ್ರೆ?"

"ಹದಿನೇಳನ್ನ ಪರೀಕ್ಷೇನೇ ಮಾಡಿಲ್ಲ. ಯಾರೋ ಪಕ್ಕದ್ದರ ಚಿತ್ರಾನೇ ಅಂಟಿಸಿದಾರೆ."

"ಈಗೆಲ್ಲಿದೆ ಅದು?"

ಮೆರೆಡ್ ಕಡಲಿನತ್ತ ನೋಡಿದರು. "ರಕ್ಷಣಾ ಹೆಲಿಕಾಪ್ಟರಿಗೆ ಹಾಕಿದಾರೆ. ಮುಳುಗೋ ದೋಣಿಯವರನ್ನ ತರೋಕೆ ಏಳಕ್ಕೇ ಹಾರಿದೆ. ಅವರ ನೆಲೆಗೆ ಫೋನ್ ಮಾಡಿ ವಾಪಸ್ ಕರೀರಿ ಅಂದೆ. ಉತ್ತರ ಬಂದಿಲ್ಲ."

9.05. ಪ್ರಾಸರ್ ಮತ್ತು ಕಾನ್‌ಸ್ಟೆಬಲ್ ಗೆಥಿನ್ ಕಾರ್ಖಾನೆಗೆ ಹೋಗಿ ತಪಾಸಣೆಯ ಕಂಪ್ಯೂಟರ್ ವಶಪಡಿಸಿಕೊಂಡು ಪಂಚನಾಮೆ ಬರೆದರು. ತೋಳುಗಳ ಪ್ರತಿ ಚಲನೆಯೂ ಅದರಲ್ಲಿ ದಾಖಲಾಗುತ್ತಿತ್ತು. ಫೆಬ್ರವರಿ 5ರ ಮಧ್ಯಾಹ್ನ, ಹದಿನೇಳನೆಯ ರೆಕ್ಕೆ ತೇರ್ಗಡೆಯಾದ ಹೊತ್ತಿನಲ್ಲಿ, ಅವು ಅಲುಗಾಡಿರಲೇ ಇಲ್ಲ. ಆಗ ಯಂತ್ರದ ಮುಂದಿದ್ದವರು ಎಮ್ಲಿನ್ ಬೇನನ್ ಒಬ್ಬರೇ. ರೋಬೋಟ್ ಬರುವ ಮುಂಚೆ ಮೂವತ್ತೊಂದು ವರ್ಷ ಕೈಯಿಂದಲೇ ರೆಕ್ಕೆ ಪರೀಕ್ಷಿಸಿದವರು.

10.20. ಎಮ್ಲಿನ್ ಕ್ಯಾಂಟೀನಿನಲ್ಲಿದ್ದರು. ಚಹಾ ಆರಿತ್ತು.

"ಐದನೇ ತಾರೀಖು ತೋಳು ಓಡಿಸಿದ್ರಾ?"

"ಇಲ್ಲ, ತಾಯಿ."

"ಬಿರುಕಿದೆ ಅಂತ ಗೊತ್ತಿತ್ತಾ?"

"ಬುಡದ ತಿರುವಲ್ಲಿ. ಮೊದ್ಲೇ ಕೈಯಲ್ಲಿ ನೋಡಿದ್ದೆ."

"ಮತ್ತೆ ಯಾಕೆ ಬಿಟ್ರಿ?"

"ರೋಬೋಟು ಪಾಸ್ ಮಾಡಿದ್ದನ್ನ ಮಾರನೇ ದಿನ ಎಲ್ಲರೆದುರು ನಾನು ಹಿಡಿದು ತೋರಿಸ್ಬೇಕು ಅಂತಿದ್ದೆ, ಯಂತ್ರಕ್ಕಿಂತ ಕೈನೇ ಮೇಲು ಅಂತ. ಅವತ್ತು ಸಂಜೆ ತಮ್ಮ ತೀರ್ಕೊಂಡ. ಮಣ್ಣು ಮಾಡಿ ಬರೋಷ್ಟ್ರಲ್ಲಿ ರೆಕ್ಕೆ ಹೋಗಿತ್ತು."

"ಐದು ವಾರ ಆಯ್ತು. ಬಾಯಿ ಬಿಡಬಹುದಿತ್ತಲ್ಲ?"



10.42. ಗೆಥಿನ್ ಫೋನ್ ಕೆಳಗಿಟ್ಟ. "ಕಡಲ ದಡದ ಮರಳ ಮೇಲೆ ಇಳ್ಸಿದಾರೆ, ಮೇಡಂ. ನಾಲ್ಕು ಮೀನುಗಾರರು, ಮೂರು ಸಿಬ್ಬಂದಿ. ಎಲ್ರೂ ಬದುಕಿದಾರೆ. ಕೊನೇ ಹತ್ತು ನಿಮಿಷ ಇಡೀ ಹೆಲಿಕಾಪ್ಟರ್ ನಡುಗ್ತಿತ್ತಂತೆ."

ಎಮ್ಲಿನ್ ಮುಖ ಮುಚ್ಚಿಕೊಂಡರು. 10.50ಕ್ಕೆ ಬಂಧನ.

ಮೂರು ದಿನಗಳ ಮೇಲೆ, ಪೊಲೀಸರ ಎದುರಿನಲ್ಲೇ ಆ ರೆಕ್ಕೆಯನ್ನು ತೋಳುಗಳ ಕೆಳಗಿಟ್ಟರು. ನಾಲ್ಕನೆಯ ನಿಮಿಷಕ್ಕೆ ಬಿರುಕು ಪರದೆಯ ಮೇಲೆ ಮೂಡಿತು. ಬುಡದ ತಿರುವಿನಲ್ಲಿ ತೋಳು ಹೇಗೆ ಬಾಗಬೇಕು, ಎಲ್ಲಿ ನಿಧಾನಿಸಬೇಕು ಎಂದು ಅದಕ್ಕೆ ಕಲಿಸಿದವರು ಎಮ್ಲಿನ್ ಅವರೇ ಎಂದು ಮೆರೆಡ್ ಹೇಳಿದರು. ಆರು ತಿಂಗಳು ಹಿಡಿದಿತ್ತಂತೆ. ಕಲಿಸಿ ಮುಗಿದ ಮೇಲೆ ಅವರಿಗೆ ಉಳಿದದ್ದು ಗುಂಡಿ ಒತ್ತುವ ಕೆಲಸ.