ಏರಿನಲ್ಲಿ ಪಿಕಪ್ ಇಲ್ಲ

ಯಶವಂತನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಕಳಸದ ಪೇಟೆಗೆಲ್ಲ ಕೇಳುವ ಹಾಗೆ ಬಾಗಿಲು ಬಡಿದೆ. ತಿಂಗಳಲ್ಲಿ ಮೂರನೇ ಸಲ ಬಂದಿದ್ದೆ. ಮೊದಲ ಸಲ ಏರ್ ಫಿಲ್ಟರ್ ಬದಲಿಸಿದ, ಎರಡನೇ ಸಲ ಪ್ಲಗ್ ಬದಲಿಸಿದ. ಆಮೇಲೆ ಫೋನ್ ಮಾಡಿದರೆ, "ನೀವು ಹಾಫ್ ಕ್ಲಚ್‌ನಲ್ಲಿ ಓಡಿಸ್ತೀರಿ ಅನ್ಸುತ್ತೆ" ಎಂದಿದ್ದ. ಆ ಮಾತಿಗೆ ಉರಿದ ಮೈ ಇನ್ನೂ ತಣ್ಣಗಾಗಿರಲಿಲ್ಲ.

"ಏನಾಯ್ತು ಅರ್ಪಿತಾ ಅವ್ರೇ?"

ಊರೆಲ್ಲ ನನ್ನನ್ನು ಸಿಸ್ಟರ್ ಎನ್ನುತ್ತದೆ. ಇವನೊಬ್ಬನಿಗೆ ಮಾತ್ರ ನಾನು ಅರ್ಪಿತಾ ಅವರು.

"ನಿನ್ನೆ ಸಂಸೆ ಹತ್ರ ಏರಲ್ಲಿ ಬಸ್ಸಿಗೆ ಸೈಡ್ ಕೊಟ್ಟು ನಿಂತೆ. ಮತ್ತೆ ಹೊರಟ್ರೆ ಕಾರು ತೆವಳ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಅಷ್ಟೇ. ಹಿಂದೆ ಜೀಪಿನ ಹಾರ್ನ್, ಪಕ್ಕದಲ್ಲಿ ನಮ್ಮಣ್ಣ."

"ಅಜಿತಣ್ಣ ಇದ್ರಾ?" ಅವನ ಮುಖ ಸಪ್ಪಗಾಯಿತು.

"ಇದ್ದ. ಕಾರು ಮಾರ್ತಾನಂತೆ. ಭಾನುವಾರ ನೋಡೋಕೆ ಜನ ಬರ್ತಾರೆ."

ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ನಾನು ಹೋಗುವ ಕಡೆಗೆಲ್ಲ ಬಸ್ಸಿಲ್ಲ. ಕಾರು ಹೋದರೆ ಕೆಲಸವೂ ಹೋದ ಹಾಗೆ. ಮೂಡಿಗೆರೆಯ ಯಾವುದಾದರೂ ನರ್ಸಿಂಗ್ ಹೋಮಿನಲ್ಲಿ ಫ್ಯಾನಿನ ಕೆಳಗೆ ಕೂತಿರು ಎಂದು ಅಣ್ಣ ಎರಡು ವರ್ಷದಿಂದ ಹೇಳುತ್ತಿದ್ದಾನೆ. ಕಾರು ಅವನ ಹೆಸರಿನಲ್ಲಿದೆ. ಈಗ ಅವನಿಗೆ ಕಾರಣವೂ ಸಿಕ್ಕಿತ್ತು.

"ಇವತ್ತು ಸರಿ ಮಾಡಿ. ಇಲ್ಲ ನಂಗೆ ಬರಲ್ಲ ಅಂತ ಒಪ್ಕೊಳ್ಳಿ."

ಅವನು ಕಾರಿನ ಸುತ್ತ ಬಂದ. ಬಗ್ಗಿ ನಾಲ್ಕು ಚಕ್ರಗಳನ್ನೂ ಮುಟ್ಟಿ ನೋಡಿದ. ಬ್ರೇಕ್ ಹಿಡಿದಿದ್ದರೆ ಬಿಸಿ ಇರುತ್ತದಂತೆ, ಇರಲಿಲ್ಲ. ಆಮೇಲೆ ಕಾರಿನಲ್ಲಿ ಕೂತು, ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಎಂಜಿನ್ ತಟ್ಟನೆ ಆಫ್ ಆಯಿತು.

"ಕ್ಲಚ್ ಚೆನ್ನಾಗಿದೆ. ಹಾಳಾಗಿದ್ರೆ ಎಂಜಿನ್ ಆಫ್ ಆಗ್ತಿರಲಿಲ್ಲ."

"ಅಂದ್ರೆ ನನ್ನ ಓಡ್ಸೋದ್ರಲ್ಲಿ ತಪ್ಪಿಲ್ಲ."

"ಇಲ್ಲ," ಎಂದ, ನೆಲ ನೋಡುತ್ತ.

ನನ್ನನ್ನು ಸೀಟಿನಲ್ಲಿ ಕೂರಿಸಿ ಬಾನೆಟ್ ಎತ್ತಿದ. ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಅವನ ಕಣ್ಣು, ಎಡಹುಬ್ಬಿನ ಮೇಲೆ ಒಂದು ಗೆರೆ ಗ್ರೀಸ್ ಕಾಣುತ್ತಿತ್ತು. ಅದನ್ನು ಒರೆಸಬೇಕು ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಆಕ್ಸಿಲರೇಟರ್ ಒತ್ತಿ."

ಒತ್ತಿದೆ.

"ಪೂರ್ತಿ."

"ಪೂರ್ತಿನೇ ಒತ್ತಿರೋದು."

"ಇಲ್ಲಿ ಕೇಬಲ್ ಅರ್ಧಕ್ಕೇ ನಿಂತಿದೆ."

"ಹಾಫ್ ಕ್ಲಚ್ ಆಯ್ತು, ಈಗ ಹಾಫ್ ಆಕ್ಸಿಲರೇಟರಾ?"

ಅವನು ಬಂದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ. ಪೆಡಲಿನ ಕೆಳಗೆ ಕೈಹಾಕಿ ರಬ್ಬರ್ ಮ್ಯಾಟ್ ಎತ್ತಿದವನು ಹಾಗೇ ಉಳಿದುಬಿಟ್ಟ. ಕಿವಿ ಕೆಂಪಾಯಿತು. ಮ್ಯಾಟಿನಡಿಯಿಂದ ಒಂದು ಕಾಫಿ ಗೋಣಿಯನ್ನು ಎಳೆದ. ಮಡಿಸಿ ಹಾಕಿದ್ದು ನನ್ನ ಕಾಲು ತಾಗಿ ತಾಗಿ ಮುಂದಕ್ಕೆ ಸರಿದು, ಪೆಡಲಿನ ಕೆಳಗೆ ಮುದ್ದೆಯಾಗಿತ್ತು. ಹೊಗೆಸೊಪ್ಪಿನ ಘಾಟು ಬಂತು.

"ಇದು ಯಾರು ಹಾಕಿದ್ದು?"

"ನಾನೇ."

"ಯಾವಾಗ?"

"ಹೋದ ತಿಂಗಳು ಸರ್ವೀಸಿಗೆ ಬಿಟ್ಟಿದ್ರಲ್ಲ. ಅವತ್ತು ನಿಮ್ಮ ಪಾದ ಪೂರ್ತಿ ರಕ್ತ ಆಗಿತ್ತು. ರಕ್ತ ಹೀರೋ ಇಂಬಳ ಕಾರೊಳಗೂ ಹತ್ತಿ ಬರ್ತವೆ ಅಂದ್ರಿ. ಉಪ್ಪು, ಹೊಗೆಸೊಪ್ಪು ಉಜ್ಜಿದ ಗೋಣಿ ಇದ್ರೆ ಬರಲ್ಲ ಅಂತ... ಆಮೇಲೆ ಮರ್ತೇಹೋಯ್ತು. ಓಡ್ಸಿ ನೋಡಿದ್ದು ಪೇಟೆಯ ಸಮ ರೋಡಲ್ಲಿ. ಅಲ್ಲಿಗೆ ಅರ್ಧ ಪಿಕಪ್ ಸಾಕು, ಗೊತ್ತಾಗ್ಲಿಲ್ಲ. ನಿಂತಲ್ಲಿಂದ ಏರು ಹತ್ತೋಕೆ ಪೂರ್ತಿ ಬೇಕು."

ಗ್ಯಾರೇಜಿನ ಪಕ್ಕದ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿದೆ. ಕಾರು ಒಂದೇ ಉಸಿರಿಗೆ ಹತ್ತಿತು. ಖುಷಿಯಾಗಬೇಕಿತ್ತು, ಆದರೆ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಒಂದು ತಿಂಗಳು ನನ್ನ ಕೈಯನ್ನೇ ನಾನು ಅನುಮಾನಿಸಿದ್ದೆ.

ಹಿಂದಿರುಗಿ ಬಂದು ಅಣ್ಣನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಯಶವಂತನ ಮುಂದೆ ಹಿಡಿದೆ. "ಹೇಳಿ. ತಪ್ಪು ಯಾರದ್ದು ಅಂತ ನೀವೇ ಹೇಳಿ."

"ಅಜಿತಣ್ಣ, ನಾನು ಯಶವಂತ. ಕಾರಲ್ಲೂ ತೊಂದ್ರೆ ಇಲ್ಲ, ಅವ್ರ ಡ್ರೈವಿಂಗಲ್ಲೂ ಇಲ್ಲ. ನಾನು ಒಂದು ಗೋಣಿ ಹಾಕಿದ್ದೆ, ಅದು ಪೆಡಲಿಗೆ ಅಡ್ಡ ಬಂದಿತ್ತು."

"ಗೋಣಿ ಯಾಕೆ ಹಾಕಿದ್ಯೋ ಮಾರಾಯ?"

"ಅವ್ರ ಕಾಲಿಗೆ ಇಂಬಳ ಹತ್ತಬಾರ್ದು ಅಂತ."

ಅಣ್ಣನ ದನಿ ನಿಧಾನವಾಯಿತು. "ಇಂಬಳ ಎಲ್ರಿಗೂ ಹತ್ತುತ್ತೆ. ಎಷ್ಟು ಜನ್ರ ಕಾರಿಗೆ ಹಾಕಿದೀಯ ಹಂಗೆ?"

ಯಶವಂತ ನನ್ನನ್ನು ನೋಡಿದ. ಈ ಸಲ ನೆಲ ನೋಡಲಿಲ್ಲ. "ಇದೊಂದಕ್ಕೇ, ಅಣ್ಣ."

"ಹೂಂ," ಎಂದ ಅಣ್ಣ. "ಭಾನುವಾರ ಬರೋರಿಗೆ ಬೇಡ ಅಂತೀನಿ. ಅವತ್ತು ನೀನು ಬಾ ಮನೆಗೆ, ಮಾತಾಡ್ಬೇಕು."

"ಮೊದ್ಲು ನನ್ನ ಹತ್ರ ಮಾತಾಡ್ಲಿ," ಎಂದು ಫೋನ್ ಕಟ್ ಮಾಡಿದೆ. "ಅಣ್ಣನಿಗೆ ಹೇಳೋಕೆ ಬರುತ್ತೆ, ನನಗೆ ಹೇಳೋಕೆ ಏನಾಗಿತ್ತು?"

"ನೀವು ಬರೋದೇ ಬೈಯೋಕೆ. ಮಧ್ಯ ಬಾಯಿ ಹಾಕೋಕೆ ಜಾಗ ಎಲ್ಲಿತ್ತು?"

ನಗು ಬಂತು. ತಡೆದುಕೊಂಡೆ. ಒಂದು ತಿಂಗಳ ಸಿಟ್ಟನ್ನು ಅಷ್ಟು ಅಗ್ಗಕ್ಕೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಈಗ ಬೈಯ್ತಾ ಇಲ್ಲ. ಹೇಳಿ."

ಕೈ ಒರೆಸಿಕೊಳ್ಳುತ್ತ, ತಡವರಿಸುತ್ತ ಹೇಳಿದ. ಪೂರ್ತಿ ಕೇಳಿಸಿಕೊಂಡೆ.

"ಭಾನುವಾರ ಬೇಗ ಬನ್ನಿ," ಎಂದೆ. "ಅಣ್ಣ ಕೇಳಿದ್ರೆ, ಅವಳು ಹೂಂ ಅಂದಾಗಿದೆ ಅಂತ ಹೇಳಿ."