ನೂರು ದಿನಾರಿನ ನಾಣ್ಯ

ಚಾಕು ನನ್ನ ಬೆನ್ನಿನಿಂದ ನಾಲ್ಕೇ ಮೆಟ್ಟಿಲು ಹಿಂದಿತ್ತು!

ನಮ್ಮ ಹಳೇ ಪೇಟೆ ಕಸ್ಬಾದ ಮೆಟ್ಟಿಲು ಓಣಿಗಳು ಗೊತ್ತಲ್ಲ ನಿಮಗೆ? ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಅಂಟಿಕೊಳ್ಳಬೇಕು. ಅಂಥ ಕಡೆ ಓಡುತ್ತಿದ್ದೆ. ಉರಿಬಿಸಿಲು. ಐವತ್ತೊಂದು ವಯಸ್ಸು. ಅಂಗಿಯೊಳಗೆ ನೋಟಿನ ಕಟ್ಟು, ಪ್ಯಾಂಟಿನ ಜೇಬಿನಲ್ಲಿ ಒಬ್ಬ ಮುದುಕಿಯ ಪಾಸ್‌ಪೋರ್ಟು, ಟಿಕೆಟ್ಟು.

"ನಿಲ್ಲೋ ಅರೆಜ್ಕಿ!" ಹಿಂದಿನಿಂದ ಫೊದೀಲ್ ಕಿರುಚಿದ. "ಹಿಡೀರಿ! ಕಳ್ಳ ಅವನು, ಕಳ್ಳ!"

ತಮಾಷೆ ನೋಡಿ. ಫೊದೀಲ್ ಇಪ್ಪತ್ತು ವರ್ಷದಿಂದ ಆಲ್ಜಿಯರ್ಸಿನ ಟ್ರಾಮುಗಳಲ್ಲಿ ಬ್ಯಾಗು ಎಗರಿಸಿ ಬದುಕಿದವನು. ಅವನಂಥವರು ಎಗರಿಸಿದ್ದನ್ನು ಮಾತಾಡಿ ವಾಪಸ್ ತರುವುದು ನನ್ನ ಕಸುಬು.

ಆದರೂ... ಅವನು ಕೂಗಿದ್ದು ಸುಳ್ಳೇನಲ್ಲ.

ಆ ಬೆಳಿಗ್ಗೆ ಚರ್ಚಿನ ಪಾದ್ರಿ ಒಬ್ಬ ಮುದುಕಿಯನ್ನು ನನ್ನ ಹತ್ತಿರ ಕಳಿಸಿದ್ದರು. ಹೆಸರು ಅಂಪಾರೋ. ಸಮುದ್ರದ ಆಚೆ, ಸ್ಪೇನಿನವಳು. ಇಲ್ಲಿ ಮಣ್ಣಾದ ಅಪ್ಪನ ಸಮಾಧಿ ತೊಳೆಯಲು ಬಂದವಳು. ನಮ್ಮೂರಲ್ಲೂ ನಡೆಯುವ ಫ್ರೆಂಚಿನಲ್ಲಿ ಮಾತಾಡುತ್ತಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಮುಂದಿನ ಹಲ್ಲುಗಳಿರಲಿಲ್ಲ.

ಟ್ರಾಮಿನಲ್ಲಿ ಬ್ಯಾಗು ಹೋಗಿತ್ತು. ಪಾಸ್‌ಪೋರ್ಟು, ಹಡಗಿನ ಟಿಕೆಟ್ಟು ಎರಡೂ ಅದರಲ್ಲೇ. ನಾಲ್ಕು ಗಂಟೆಗೆ ಹಡಗು. ತಪ್ಪಿದರೆ ಇನ್ನೊಂದು ವಾರ.

ಟ್ರಾಮು ಅಂದ ಮೇಲೆ ಫೊದೀಲ್. ಫೋನು ಮಾಡಿದೆ. ಅವಳಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ಎಷ್ಟೋ?"

"ಇಪ್ಪತ್ತು ಲಕ್ಷ. ನೀನು ಅಂತ ಇಷ್ಟಕ್ಕೆ ಕೊಡ್ತಿದ್ದೀನಿ ಅಣ್ಣಾ."

ಇಲ್ಲೊಂದು ಸಂಗತಿ ಹೇಳಬೇಕು. ನಮ್ಮೂರಿನಲ್ಲಿ ಜೇಬಿನಲ್ಲಿರುವುದು ದಿನಾರ್, ಬಾಯಲ್ಲಿರುವುದು ಸಾಂತೀಮ್. ನೂರು ಸಾಂತೀಮಿಗೆ ಒಂದು ದಿನಾರ್. ಆ ಸಾಂತೀಮಿನಲ್ಲಿ ಕೊಡುಕೊಳ್ಳುವುದು ನಿಂತು ಯಾವ ಕಾಲವಾಯಿತೋ! ಆದರೂ ಹಾಲಿನವನಿಂದ ಹಿಡಿದು ಮನೆ ದಲ್ಲಾಳಿಯ ತನಕ ಬೆಲೆ ಹೇಳುವುದು ಅದರಲ್ಲೇ. ಫೊದೀಲ್ ಕೇಳಿದ ಇಪ್ಪತ್ತು ಲಕ್ಷ ಅಂದರೆ ಇಪ್ಪತ್ತು ಸಾವಿರ ದಿನಾರ್. ಅವಳ ದುಡ್ಡಿನಲ್ಲಿ ಎಂಬತ್ತು ಯೂರೋ.

ಅಷ್ಟೇ!

ಅವಳಿಗೇನು ಗೊತ್ತು? ಬಂದು ಎರಡು ದಿನ. ಊಟ, ಹಾಸಿಗೆ ಎಲ್ಲ ಚರ್ಚಿನವರದು. ಒಂದು ಅಂಗಡಿಯ ಮೆಟ್ಟಿಲನ್ನೂ ಹತ್ತಿರಲಿಲ್ಲ.

"ಇಪ್ಪತ್ತು ಲಕ್ಷವಾ?" ಅಂದಳು. ಮುಖ ಸುಣ್ಣ.

ನಾನು ಬಾಯಿ ತೆರೆದೆ. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಆಣೆ ಮಾಡಿ ಹೇಳುತ್ತೇನೆ, ಇತ್ತು.

"ಹೌದಮ್ಮಾ. ಇಪ್ಪತ್ತು ಲಕ್ಷ."

ಅವಳು ಗೋಡೆ ಕಡೆ ತಿರುಗಿ ರವಿಕೆಯ ಒಳಹೊಲಿಗೆ ಬಿಚ್ಚಿದಳು. ಸಾವಿರದ ಇನ್ನೂರು ಯೂರೋ.

"ಹಲ್ಲು ಕಟ್ಟಿಸೋಕೆ ಇಟ್ಟಿದ್ದು. ಇಷ್ಟೇ ಇರೋದಪ್ಪಾ. ಒಪ್ತಾನಾ ಅವನು?"

"ನೋಡ್ತೀನಮ್ಮಾ... ಕಷ್ಟ."

ಕಷ್ಟ ಅಂದೆನಲ್ಲ! ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ನಿನ್ನ ಹೆತ್ತವಳ ಹೊಟ್ಟೆ ತಣ್ಣಗಿರಲಿ," ಅಂದಳು.

ಆ ಕೈಗಳಲ್ಲೇ ಯೂರೋ ತೆಗೆದುಕೊಂಡು ಹೋದೆ.

ಚೌಕದಲ್ಲಿ ದುಡ್ಡು ಬದಲಿಸುವವರು ಎಂದಿನಂತೆ ಹಾಡುಹಗಲೇ ನೋಟಿನ ಕಟ್ಟು ಬೀಸಿಕೊಳ್ಳುತ್ತ ನಿಂತಿದ್ದರು. ಒಬ್ಬ ನನಗೆ ಮೂರು ಲಕ್ಷ ದಿನಾರ್ ಎಣಿಸಿಕೊಟ್ಟ. ಪಾಸ್‌ಪೋರ್ಟು ಕೊಡಲು ಅಲ್ಲಿಗೇ ಬರಬೇಕಿದ್ದ ಫೊದೀಲ್ ಹತ್ತು ನಿಮಿಷ ಮುಂಚೆ ಬಂದಿದ್ದ. ನನ್ನ ಹೆಗಲ ಹಿಂದೆಯೇ ನಿಂತಿದ್ದ!

"ಮೂರು ಕೋಟಿ!" ಅಂದ, ನಮ್ಮೂರ ಬಾಯಲ್ಲಿ, ಸಾಂತೀಮಿನ ಲೆಕ್ಕದಲ್ಲಿ. "ಮುದುಕೀದು ತಾನೆ? ನಾನು ಕೇಳಿದ್ದು ಇಪ್ಪತ್ತು ಲಕ್ಷ. ನೀನೆಷ್ಟು ಕೇಳ್ದೆ?"

"ನಾನೇನೂ ಕೇಳ್ಲಿಲ್ಲ."

"ಓಹೋ! ಅರ್ಧ ಬಿಚ್ಚು."

ಅವನ ಇಪ್ಪತ್ತು ಸಾವಿರ ಅವನ ಎದೆಗೆ ಒತ್ತಿದೆ. ಕೈಯಲ್ಲಿದ್ದ ಪಾಸ್‌ಪೋರ್ಟು, ಟಿಕೆಟ್ಟು ಕಿತ್ತುಕೊಂಡೆ. ಓಡಿದೆ!

ಮೆಟ್ಟಿಲ ತುದಿಯಲ್ಲಿ ಮೀನಿನವನು ಸಾರ್ಡೀನ್ ಪೆಟ್ಟಿಗೆ ಜೋಡಿಸಿಟ್ಟಿದ್ದ. ಒಂದನ್ನು ಒದ್ದೆ. ಮೀನು ಚೆಲ್ಲಿತು. ಫೊದೀಲ್ ಜಾರಿ ಅಂಗಾತ ಬಿದ್ದ. ಚಾಕು ಚರಂಡಿಗೆ.

ಬಿದ್ದಲ್ಲಿಂದಲೇ ಕೂಗಿದ: "ನಾನು ಕದ್ರೆ ಜನ ನನ್ನ ವಂಶಾನೇ ಬಯ್ತಾರೆ ಕಣೋ! ನಿನಗೆ ಥ್ಯಾಂಕ್ಸ್ ಹೇಳ್ತಾರಲ್ಲೋ!"

ಚಾಕು ತಾಗಲಿಲ್ಲ. ಆ ಮಾತು ತಾಗಿತು.

ಮೂರೂಕಾಲಿಗೆ ಬಂದರು ಸೇರಿದೆ. ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಅಂಪಾರೋ ಕಾಯುತ್ತಿದ್ದಳು. ಪಾಸ್‌ಪೋರ್ಟು ನೋಡಿ ಅತ್ತಳು. ನಕ್ಕಳು. ಬಾಯಿಗೆ ಕೈ ಇಟ್ಟುಕೊಂಡಳು.

"ಒಪ್ಪಿದ್ನಾ?"

"ಒಪ್ಪಿದ."

"ನಿನ್ನಿಂದ ಮರುಜನ್ಮ ಬಂತಪ್ಪಾ. ಚಹಾ ಆದ್ರೂ ನಂದಾಗಲಿ."

"ಬೇಡಮ್ಮಾ, ನಾನು ಕೊಡ್ತೀನಿ..."

"ಸುಮ್ನಿರು!"

ಪುದೀನ ಹಾಕಿದ ಚಹಾ ಎರಡು ಲೋಟ ಕುಡಿದೆವು. ಅಂಗಡಿಯ ಮುದುಕ ಬಂದು, "ಹತ್ತು ಸಾವಿರ, ಅಮ್ಮಾ," ಅಂದ.

ಅವಳ ಮುಖ ಮತ್ತೆ ಸುಣ್ಣವಾಯಿತು. ಪಾದ್ರಿ ಟ್ರಾಮಿಗೆಂದು ಕೊಟ್ಟಿದ್ದ ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿದಳು. ಮುದುಕ ಎರಡು ಬೆರಳಿನಲ್ಲಿ ಒಂದೇ ಒಂದು ನಾಣ್ಯ ಎತ್ತಿಕೊಂಡ.

"ಇದು... ನೂರು ದಿನಾರ್ ಅಲ್ವಾ?" ಅಂದಳು.

"ಅದೇ ಅಮ್ಮಾ, ಹತ್ತು ಸಾವಿರ. ನಮ್ಮ ಬಾಯೇ ಹಾಗೆ, ಎರಡು ಸೊನ್ನೆ ಜಾಸ್ತಿ!" ಮುದುಕ ನಕ್ಕ. "ಜೊತೇಲಿ ಇಂಥ ಗಟ್ಟಿ ಆಳು ಇದ್ದಾನೆ... ಹೇಳ್ಲಿಲ್ವಾ ನಿಮಗೆ?"

ಅವಳ ತುಟಿ ಸದ್ದಿಲ್ಲದೆ ಲೆಕ್ಕ ಹಾಕಿತು. ಇಪ್ಪತ್ತು ಲಕ್ಷ. ಎರಡು ಸೊನ್ನೆ. ಆಮೇಲೆ ನನ್ನನ್ನು ನೋಡಿದಳು. ಈ ಸಲ ಬಾಯಿಗೆ ಕೈ ಅಡ್ಡ ಬರಲಿಲ್ಲ.

ಗುಂಡಿನೆದುರು ನಿಂತವನು ನಾನು. ಆ ಬೊಚ್ಚು ಬಾಯಿಯ ಎದುರು ತಲೆ ಎತ್ತಲಾಗಲಿಲ್ಲ.

ಕಟ್ಟು ತೆಗೆದು ಮೇಜಿನ ಮೇಲಿಟ್ಟೆ. "ತಗೊಳ್ಳಿ."

"ಅಲ್ಲಿ ಇದನ್ನ ಯಾರು ಮುಟ್ತಾರೆ?"

ನಿಜ. ನಮ್ಮ ದಿನಾರಿಗೆ ಸಮುದ್ರ ದಾಟಿದರೆ ಬೆಲೆಯಿಲ್ಲ. ಅಷ್ಟು ದೊಡ್ಡ ಕಟ್ಟನ್ನು ಕಸ್ಟಮ್ಸಿನವರೇ ದಾಟಿಸಗೊಡುವುದಿಲ್ಲ. ಯೂರೋ ಸಿಗುವ ಚೌಕಕ್ಕೆ ಹೋಗಿ ಬರಲು ಮುಕ್ಕಾಲು ಗಂಟೆ. ಗೇಟು ಮುಚ್ಚಲು ಹತ್ತು ನಿಮಿಷ.

ಹಡಗು ಕೂಗಿತು.

"ಯೂರೋ ಮಾಡಿಸಿ ಕಳಿಸ್ತೀನಮ್ಮಾ..."

"ಕಳಿಸ್ತೀರಾ?"

ಅದುವರೆಗೂ 'ನೀನು' ಅಂದವಳು. ಸಕ್ಕರೆ ಪೊಟ್ಟಣದ ಕಾಗದದ ಮೇಲೆ ವಿಳಾಸ ಬರೆದು ಮೇಜಿನ ಮೇಲಿಟ್ಟಳು.

"ನಿಮ್ಮ ಕೂಲಿ ಎಷ್ಟು ಅಂತ ಹೇಳಿದ್ರೆ ಕೊಡ್ತಿದ್ದೆ," ಅಂದಳು. ಎದ್ದು ಹೋದಳು. ತಿರುಗಿ ನೋಡಲಿಲ್ಲ.

ಕಳಿಸಿದೆನಾ ಅಂತ ಕೇಳುತ್ತೀರಿ. ಕೇಳಲೇಬೇಕು.

ನಾಳೆ ಅಂದೆ. ಶುಕ್ರವಾರದ ರಜೆ ಕಳೆಯಲಿ ಅಂದೆ. ಮನೆ ಬಾಡಿಗೆ ಬಂತು. ಕಾರಿನ ಟೈರು ಹೋಯಿತು. ಇಪ್ಪತ್ತಮೂರು ದಿನಕ್ಕೆ ಕಟ್ಟು ಮುಗಿಯಿತು. ವಿಳಾಸ ಮಾತ್ರ ಇನ್ನೂ ಜೇಬಿನಲ್ಲಿದೆ.

ಆವತ್ತಿನಿಂದ ನನ್ನ ಬಾಯಿಗೆ ಸಾಂತೀಮ್ ಬರುತ್ತಿಲ್ಲ. ಕೊಡುವಾಗಲೂ ದಿನಾರ್, ಕೇಳುವಾಗಲೂ ದಿನಾರ್. ಹುಟ್ಟಿದೂರಿನ ಅಂಗಡಿಯವರೇ ನನ್ನನ್ನು ಯಾರೋ ಹೊರದೇಶದವನು ಅಂದುಕೊಂಡು ಎರಡು ಪಟ್ಟು ಬೆಲೆ ಹೇಳುತ್ತಾರೆ...

ಚೌಕಾಸಿ ಮಾಡದೆ ಕೊಡುತ್ತೇನೆ!